ಫೈಲ್ ಹೆಸರು ಕೆಟ್ಟಂತೆ ಕಂಡರೆ ರೀನೇಮ್ ಮಾಡಬೇಡಿ

ಈ ಕಂತು ಸ್ವಲ್ಪ ತಕರಾರಿನ ಧಾಟಿಯಲ್ಲೇ ಇರುತ್ತೆ.

ಜರ್ಮನಿಯಲ್ಲಿರುವ ಕನ್ನಡಿಗರೊಬ್ಬರು ತಮ್ಮ ಲಿನಕ್ಸ್ ಯಂತ್ರದಲ್ಲಿ ದಿನಾಂಕ ಇಲ್ಲಿನ ಪದ್ಧತಿಯಲ್ಲಿ ಬರಲಿ ಅಂತ ಲೊಕೇಲ್ ಸೆಟ್ಟಿಂಗ್ ಕಡತ ತಿದ್ದಿದರು ಅಂದುಕೊಳ್ಳಿ. ‘ಡಿಇ ಅಂಡರ್‌ಸ್ಕೋರ್ ಡಿಇ’ ಅಂತ ಬರೆದು, ಮುಂದೆ ‘ಡಾಟ್ ಯುಟಿಎಫ್-8’ ಬಿಟ್ಟರು. ಮತ್ತೆ ಲಾಗಿನ್ ಆದರೆ ‘ಅಮ್ಮ’ ಅನ್ನೋ ಫೋಲ್ಡರ್ ಜಾಗದಲ್ಲಿ, ತಲೆಯ ಮೇಲೆ ಗೆರೆ ಎಳೆದ ರೋಮನ್ ಅಕ್ಷರಗಳ ಸಾಲು!

ಆಗಿದ್ದೇನು? ಲಿನಕ್ಸ್ ಕರ್ನೆಲ್‌ಗೆ ಫೈಲಿನ ಹೆಸರು ಅಂದರೆ ಬರೀ ಬೈಟ್‌ಗಳು. ಅದು ಕನ್ನಡವೋ ಜರ್ಮನ್ನೋ ಅದಕ್ಕೆ ಗೊತ್ತಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. ಅ, ಮ, ಹಲಂತ, ಮತ್ತೊಂದು ಮ: ‘ಅಮ್ಮ’ನಿಗೆ 12. (ಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿಗೆ 255 ಅಕ್ಷರ, ನಮಗೆ 85 ಚಿಹ್ನೆ. ಇದಕ್ಕೆ ಬೇರೆಯೇ ಕಂತು ಬೇಕು.) ಯುಟಿಎಫ್-8 ಅಂತ ಬರೆಯದಿದ್ದರೆ ಆ ಜರ್ಮನ್ ಲೊಕೇಲಿನ ಅರ್ಥ ಐಎಸ್‌ಒ 8859-1, ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಹಾಗಾಗಿ 12 ಬೈಟೂ ಬಿಡಿಬಿಡಿಯಾಗಿ ಓದಲ್ಪಡುತ್ತವೆ.

ಎಲ್ಲ ಪ್ರೋಗ್ರಾಮ್‌ಗಳೂ ಹೀಗೆ ಓದಲ್ಲ, ಗೊಂದಲ ಹೆಚ್ಚೋದು ಅಲ್ಲೇ. ಗ್ನೋಮ್‌ನ ಫೈಲ್ ಮ್ಯಾನೇಜರ್ ಸಾಮಾನ್ಯವಾಗಿ ಲೊಕೇಲ್ ಏನೇ ಇರಲಿ ಹೆಸರನ್ನು ಯುಟಿಎಫ್-8 ಅಂತಲೇ ನೋಡುತ್ತೆ. ಕ್ಯೂಟಿ 5ರ ಕಾಲದ ಡಾಲ್ಫಿನ್ ಲೊಕೇಲನ್ನು ನಂಬುತ್ತೆ. ಒಂದೇ ಫೋಲ್ಡರ್, ಒಂದರಲ್ಲಿ ಸರಿ, ಇನ್ನೊಂದರಲ್ಲಿ ಕಲಸುಮೇಲೋಗರ. ಬರೀ ಚೌಕಗಳು ಕಂಡರೆ ಅದು ಫಾಂಟಿನ ಕೊರತೆ, ಬೇರೆ ಕಾಯಿಲೆ.

ಇಲ್ಲಿಯವರೆಗೆ ಏನೂ ಕಳೆದುಹೋಗಿಲ್ಲ ನೋಡಿ. ಡಿಸ್ಕಿನಲ್ಲಿ ಆ 12 ಬೈಟ್ ಹಾಗೇ ಇವೆ. ಗಾಬರಿಯಾಗಿ ಅದೇ ಸ್ಥಿತಿಯಲ್ಲಿ ‘ಅಮ್ಮ’ ಅಂತ ಮತ್ತೆ ಟೈಪ್ ಮಾಡಿ ರೀನೇಮ್ ಮಾಡಿದರೆ ಮಾತ್ರ ಕಷ್ಟ. 8859-1ರಲ್ಲಿ ಕನ್ನಡವೇ ಇಲ್ಲ, ಆದ್ದರಿಂದ ಹೆಸರಿನ ಜಾಗದಲ್ಲಿ ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳೇ ಉಳಿಯಬಹುದು. ಊರಿನಿಂದ ಸ್ಕ್ಯಾನ್ ಮಾಡಿ ತಂದ ಇನ್ನೂರು ಫೋಟೋಗಳಲ್ಲಿ ಯಾರು ಯಾರು ಅನ್ನೋದಕ್ಕೆ ಎಷ್ಟೋ ಮನೆಗಳಲ್ಲಿ ಫೈಲಿನ ಹೆಸರೊಂದೇ ದಾಖಲೆ.

ನಮ್ಮ ತಕರಾರು ಬಳಕೆದಾರರ ಮೇಲಲ್ಲ, ವ್ಯವಸ್ಥೆಯ ಮೌನದ ಮೇಲೆ. ಕೇಳಿದ ಲೊಕೇಲ್ ಯಂತ್ರದಲ್ಲಿ ತಯಾರಾಗಿಲ್ಲದಿದ್ದರೆ ಬಹಳಷ್ಟು ಪ್ರೋಗ್ರಾಮ್‌ಗಳು ತುಟಿಪಿಟಕ್ಕೆನ್ನದೆ ‘ಸಿ’ ಅನ್ನೋ ಹಳೇ ಲೊಕೇಲಿಗೆ ಇಳಿಯುತ್ತವೆ. ಡೆಬಿಯನ್ 2007ರಲ್ಲೇ ಯುಟಿಎಫ್-8ಅನ್ನು ಡೀಫಾಲ್ಟ್ ಮಾಡಿತು. 2022ರ ಜಿಲಿಬ್‌ಸಿ 2.35ರಲ್ಲಿ ‘ಸಿ ಡಾಟ್ ಯುಟಿಎಫ್-8’ ಕೂಡ ಬಂತು. ಹಾಗಿರುವಾಗ ಬರೀ ‘ಸಿ’ಗೆ ಬೀಳೋದ್ಯಾಕೆ? ಬಿದ್ದರೂ ಫೈಲ್ ಮ್ಯಾನೇಜರ್ ಒಂದು ಸಾಲಿನ ಎಚ್ಚರಿಕೆ ತೋರಿಸಬಾರದಾ?

ಅಲ್ಲಿಯವರೆಗೆ, ಟರ್ಮಿನಲ್‌ನಲ್ಲಿ ‘ಲೊಕೇಲ್’ ಅಂತ ಟೈಪ್ ಮಾಡಿ ಉತ್ತರದಲ್ಲಿ ಯುಟಿಎಫ್-8 ಇದೆಯಾ ನೋಡಿ. ದಿನಾಂಕ ಮಾತ್ರ ಬದಲಾಗಬೇಕಿದ್ದರೆ ‘ಎಲ್‌ಸಿ ಟೈಮ್’ ಒಂದನ್ನೇ, ಅದೂ ಯುಟಿಎಫ್-8 ಸೇರಿಸಿಯೇ ಬದಲಿಸಿ. ಫೈಲುಗಳನ್ನು ಮಾತ್ರ ಮುಟ್ಟಬೇಡಿ.