ನಾವು ನೆಲೆಸಿದ ನೆಲ: ನೀರು ಬಾರದೆಯೇ ಮುಳುಗಿದ ಊರು



ಎರಡು ವರ್ಷಗಳಿಗೊಮ್ಮೆ ಹೊರಬರುವ ಈ ಸ್ಮರಣ ಸಂಚಿಕೆಯಲ್ಲಿ, ನಾವು ಬದುಕು ಕಟ್ಟಿಕೊಂಡ ಅಮೆರಿಕೆಯ ಒಂದು ಊರನ್ನು ಪರಿಚಯಿಸುವುದು ಈ ಅಂಕಣದ ವಾಡಿಕೆ. ಈ ಬಾರಿ ಆರಿಸಿಕೊಂಡಿರುವುದು ನ್ಯೂಜರ್ಸಿಯ ವಾಯವ್ಯ ಅಂಚಿನಲ್ಲಿರುವ ವಾಲ್‌ಪ್ಯಾಕ್. ಎಡಿಸನ್ ಕಡೆಯಿಂದ ಹೊರಟರೆ ಎರಡು ಗಂಟೆಯೊಳಗೆ ಸೇರಬಹುದಾದ ಕಣಿವೆ ಅದು. ವಿಸ್ತೀರ್ಣ ಸುಮಾರು 24 ಚದರ ಮೈಲಿ. 2020ರ ಜನಗಣತಿಯಂತೆ ಜನಸಂಖ್ಯೆ ಕೇವಲ 7! ಟೌನ್‌ಶಿಪ್ ಎಂದೊಡನೆ ಪಟ್ಟಣವೆಂದು ಭಾವಿಸಬೇಕಾಗಿಲ್ಲ. ಹಲವು ಹಳ್ಳಿ, ಹೊಲ, ಕಾಡುಗಳನ್ನು ಒಳಗೊಂಡು ತನ್ನದೇ ಚುನಾಯಿತ ಆಡಳಿತವುಳ್ಳ ಘಟಕವದು. ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿಯಂತೆ.

ಪೂರ್ವಕ್ಕೆ ಕಿಟಟಿನ್ನಿ ಪರ್ವತಸಾಲು, ಪಶ್ಚಿಮಕ್ಕೆ ಪೆನ್ಸಿಲ್ವೇನಿಯಾದ ಗಡಿಯಾಗಿ ಹರಿಯುವ ಡೆಲವೇರ್ ನದಿ. ಇವೆರಡರ ನಡುವೆ ವಾಲ್‌ಪ್ಯಾಕ್ ದಿಣ್ಣೆಯೆಂಬ ತಗ್ಗಾದ ಸಾಲು. ಪರ್ವತಕ್ಕೂ ದಿಣ್ಣೆಗೂ ಮಧ್ಯೆ ಇಳಿದುಬರುವ ಫ್ಲ್ಯಾಟ್ ಬ್ರೂಕ್ ಎಂಬ ಹೊಳೆ ಫ್ಲ್ಯಾಟ್‌ಬ್ರೂಕ್‌ವಿಲ್ ಬಳಿ ಡೆಲವೇರನ್ನು ಕೂಡುತ್ತದೆ. ಅಲ್ಲೇ ಸನಿಹದಲ್ಲಿ ಮಹಾನದಿಯು ದಿಣ್ಣೆಯನ್ನು ಸೀಳಿ ಹಾವಿನಂತೆ ಬಳುಕಿ ತಿರುಗುತ್ತದೆ. ನೀರಿನ ಸುಳಿಯನ್ನು ಸೂಚಿಸುವ ಲೆನಾಪೆ ಜನರ ಮಾತಿನಿಂದ ವಾಲ್‌ಪ್ಯಾಕ್ ಎಂಬ ಹೆಸರು ಹುಟ್ಟಿತೆಂದು ಹೇಳುತ್ತಾರೆ.

ಆ ಲೆನಾಪೆಗಳೇ ಈ ಕಣಿವೆಯ ಮೂಲ ಒಕ್ಕಲುಗಳು. ನದಿಯ ಮೆಕ್ಕಲು ಮಣ್ಣಿನಲ್ಲಿ ಅವರು ಮುಸುಕಿನ ಜೋಳ ಬೆಳೆಯುತ್ತಿದ್ದರು. ಅನಂತರ ಹಳೆಯ ಗಣಿ ರಸ್ತೆಯೆಂದು ಹೆಸರಾದ ದಾರಿ ಹಿಡಿದು, ನ್ಯೂಯಾರ್ಕಿನ ಕಿಂಗ್‌ಸ್ಟನ್ ಕಡೆಯಿಂದ ಡಚ್ಚರೂ ಫ್ರಾನ್ಸಿನಿಂದ ಬಂದ ಹ್ಯೂಗೆನಾಟರೂ ಇಳಿದುಬಂದರು. 1731ರ ದಾಖಲೆಯಲ್ಲಿಯೇ ವಾಲ್‌ಪ್ಯಾಕ್‌ನ ಉಲ್ಲೇಖವಿದೆ. 1758ರ ಈಸ್ಟನ್ ಒಪ್ಪಂದದಿಂದ ನ್ಯೂಜರ್ಸಿಯ ಭೂಮಿಯ ಮೇಲಿನ ತಮ್ಮ ಹಕ್ಕನ್ನು ಲೆನಾಪೆಗಳು ಬಿಟ್ಟುಕೊಡಬೇಕಾಯಿತು. ಇದು ಈ ಕಣಿವೆ ಕಂಡ ಮೊದಲ ಒಕ್ಕಲೆಬ್ಬಿಸುವಿಕೆ. ಎರಡನೆಯದಕ್ಕೆ ಇನ್ನೂರು ವರ್ಷ ಕಾಯಬೇಕಾಗಿತ್ತು.

1955ರ ಆಗಸ್ಟ್‌ನಲ್ಲಿ ಒಂದರ ಹಿಂದೊಂದು ಬಂದ ಎರಡು ಚಂಡಮಾರುತಗಳಿಂದ ಡೆಲವೇರ್ ಉಕ್ಕಿ ಹರಿಯಿತು. ಅತ್ಯಧಿಕ ಸಾವುಗಳು ಸಂಭವಿಸಿದ್ದು ಪೆನ್ಸಿಲ್ವೇನಿಯಾದ ಬ್ರಾಡ್‌ಹೆಡ್ ಎಂಬ ಉಪನದಿಯಲ್ಲಿ. ಆದರೂ ಮುಖ್ಯ ನದಿಗೆ ಟಾಕ್ಸ್ ದ್ವೀಪದ ಬಳಿ ಅಣೆಕಟ್ಟು ಕಟ್ಟಲು 1962ರಲ್ಲಿ ಅಮೆರಿಕೆಯ ಸಂಸತ್ತು ಒಪ್ಪಿಗೆಯಿತ್ತಿತು. ಉಪನದಿಯು ನದಿಯನ್ನು ಸೇರುವುದು ಆ ಸ್ಥಳಕ್ಕಿಂತ ಕೆಳಗೆ ಎಂಬುದು ಗಮನಾರ್ಹ. ಅಲ್ಲಿಯ ಪ್ರವಾಹವನ್ನು ಈ ಕಟ್ಟೆ ತಡೆಯಲಾರದಾಗಿತ್ತು. ಪ್ರವಾಹ ನಿಯಂತ್ರಣದೊಡನೆ ನಗರಗಳಿಗೆ ನೀರು, ವಿದ್ಯುತ್ತು, ವಿಹಾರ ಎಲ್ಲವೂ ಯೋಜನೆಯಲ್ಲಿ ಸೇರಿದ್ದವು. ಸುಮಾರು 37 ಮೈಲಿ ಉದ್ದದ ಜಲಾಶಯ, ಅದರ ಸುತ್ತ 1965ರಲ್ಲಿ ಮಂಜೂರಾದ ರಾಷ್ಟ್ರೀಯ ವಿಹಾರ ವಲಯ. ಇದಕ್ಕಾಗಿ ಸರ್ಕಾರವು ನದಿಯ ಎರಡೂ ದಡಗಳ ಜಮೀನನ್ನು ವಶಪಡಿಸಿಕೊಳ್ಳತೊಡಗಿತು. ತಲೆಮಾರುಗಳಿಂದ ಉತ್ತ ಹೊಲಗಳನ್ನು ಬಿಟ್ಟು ಜನ ಹೊರಟರು. ಅನೇಕ ಮನೆಗಳು ನೆಲಸಮವಾದವು.

ಆದರೆ ಅಣೆಕಟ್ಟು ಬರಲೇ ಇಲ್ಲ! ಕಟ್ಟೆಯ ತಳದ ಭೂಮಿಯ ಭದ್ರತೆಯ ಬಗ್ಗೆ ಸಂಶಯ, ಏರುತ್ತಲೇ ಹೋದ ವೆಚ್ಚ, ನಿಂತ ನೀರು ಪಾಚಿಗಟ್ಟುವ ಭೀತಿ, ಜನರ ಪ್ರಬಲ ವಿರೋಧ ಇವೆಲ್ಲ ಕೂಡಿದವು. 1975ರ ಜುಲೈನಲ್ಲಿ ನದೀ ಕಣಿವೆಯ ರಾಜ್ಯಗಳ ಆಯೋಗದಲ್ಲಿ ನ್ಯೂಯಾರ್ಕ್, ನ್ಯೂಜರ್ಸಿ, ಡೆಲವೇರ್ ರಾಜ್ಯಗಳು ನಿರ್ಮಾಣಕ್ಕೆ ವಿರುದ್ಧವಾಗಿ ಮತ ನೀಡಿದವು. ಪೆನ್ಸಿಲ್ವೇನಿಯಾ ಮಾತ್ರ ಪರವಾಗಿ ನಿಂತಿತು. 1978ರಲ್ಲಿ ನದಿಯ ಈ ಭಾಗಕ್ಕೆ ಕಾನೂನಿನ ರಕ್ಷಣೆ ದೊರೆತು, ಅದು ಅಡೆತಡೆಯಿಲ್ಲದೆ ಹರಿಯುವಂತಾಯಿತು. ನದಿ ಉಳಿಯಿತು, ಕಾಡು ಮರಳಿತು, ಜನ ಮರಳಲಿಲ್ಲ. 2000ದಲ್ಲಿ 41 ಇದ್ದ ಜನಸಂಖ್ಯೆ 2010ರಲ್ಲಿ 16ಕ್ಕಿಳಿಯಿತು. ನೆರೆಯ ಪಹಾಕ್ವಾರಿ ಟೌನ್‌ಶಿಪ್ ಅಂತೂ ಜನ ತೀರಾ ವಿರಳವಾಗಿ 1997ರಲ್ಲಿ ಹಾರ್ಡ್‌ವಿಕ್‌ನೊಡನೆ ವಿಲೀನವಾಗಿ ಹೆಸರನ್ನೇ ಕಳೆದುಕೊಂಡಿತು.

ಈ ಕಥೆಯನ್ನು ಕೇಳುವ ಕನ್ನಡಿಗನಿಗೆ ಶರಾವತಿ ನೆನಪಾಗದಿರುವುದು ಅಸಾಧ್ಯ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದಾಗ ಮಲೆನಾಡಿನ ಎಷ್ಟೋ ಊರುಗಳು ನೀರಿನಡಿ ಸೇರಿದವು. ನಾ. ಡಿಸೋಜರ ‘ಮುಳುಗಡೆ’ಯನ್ನು ಓದಿದವರಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಊರು ಮುಳುಗಿತು, ನಾಡಿಗೆ ಬೆಳಕಾದರೂ ಬಂತು. ವಾಲ್‌ಪ್ಯಾಕ್‌ನವರಿಗೆ ಆ ಸಮಾಧಾನವೂ ಇಲ್ಲ.

ಆದರೂ ಅವರು ಒಂದು ಕೆಲಸ ಮಾಡಿದರು. ವಾಲ್‌ಪ್ಯಾಕ್ ಸೆಂಟರ್ ಎಂಬ ಪುಟ್ಟ ಹಳ್ಳಿಯಲ್ಲಿ ಉಳಿದ ಮನೆಗಳ ಪೈಕಿ ಒಂದರಲ್ಲಿ ಸ್ಥಳೀಯ ಇತಿಹಾಸ ಸಂಘವು ವಸ್ತುಸಂಗ್ರಹಾಲಯವನ್ನು ನಡೆಸಿಕೊಂಡು ಬಂದಿದೆ. ಊರು ಹೋದರೂ ಊರಿನ ನೆನಪು ಹೋಗಬಾರದೆಂಬ ಹಟ ಅದು.

ನಮ್ಮನ್ನು ಯಾರೂ ಒಕ್ಕಲೆಬ್ಬಿಸಲಿಲ್ಲ. ನಾವಾಗಿಯೇ ಊರು ಬಿಟ್ಟು ಬಂದವರು. ಆದರೆ ನಮ್ಮ ಅಜ್ಜನ ಗದ್ದೆಗಿದ್ದ ಹೆಸರು, ಕೆರೆಯ ಕೋಡಿಯ ಹೆಸರು, ತೋಟದ ಹಾದಿಯ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿವೆ? ನಮ್ಮ ಮಕ್ಕಳಿಗೆ ಒಂದಾದರೂ ಗೊತ್ತೇ? ಈ ಸಮ್ಮೇಳನಕ್ಕೆ ತಂದೆತಾಯಿಯರನ್ನು ಕರೆತಂದಿರುವ ಮಿತ್ರರು ಬಿಡುವಿನಲ್ಲಿ ಅವರ ಬಳಿ ಕುಳಿತು, ಊರಿನ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ ಎಂಬುದೇ ಈ ಅಂಕಣದ ವಿನಂತಿ. ಊರು ನೀರಿನಲ್ಲಷ್ಟೇ ಅಲ್ಲ, ಮರೆವಿನಲ್ಲೂ ಮುಳುಗುತ್ತದೆ.