ಚಿತ್ರ ಬರೆಯಲು ಬರುತ್ತದೆ, ಪ್ರಯೋಗ ನೋಡಿಲ್ಲ

ಲೋಹದ ಮೇಲೆ ಹಬೆಯ ವರ್ತನೆಯನ್ನು ತೋರಿಸುವ ಉಪಕರಣಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂಬ ಪ್ರಶ್ನೆ ಎಸ್ಸೆಸ್ಸೆಲ್ಸಿ ವಿಜ್ಞಾನ ಪತ್ರಿಕೆಯ ಹಳೆಯ ನೆಂಟ. ಜಯನಗರ, ಬನಶಂಕರಿಯ ಯಾವುದೇ ಟ್ಯೂಷನ್ ಕ್ಲಾಸಿಗೆ ಹೋಗುವ ಹುಡುಗನಾದರೂ ಸ್ಕೇಲು, ಪೆನ್ಸಿಲು ಹಿಡಿದು ಐದು ನಿಮಿಷದಲ್ಲಿ ಅದನ್ನು ಅಚ್ಚುಕಟ್ಟಾಗಿ ಬರೆದುಬಿಡುತ್ತಾನೆ. ಪ್ರನಾಳದ ತಳದಲ್ಲಿರುವ ಗಾಜಿನ ಉಣ್ಣೆಯನ್ನು ಅವನು ಕಣ್ಣಾರೆ ಕಂಡಿರಬೇಕೆಂದೇನೂ ಇಲ್ಲ. ಅದನ್ನು ನೀರಿನಲ್ಲಿ ನೆನೆಸಿರುವುದು ಏಕೆ, ಒಣ ಉಣ್ಣೆ ಇಟ್ಟರೆ ಏನಾಗುತ್ತದೆ ಎಂದು ಪತ್ರಿಕೆ ಕೇಳುವುದು ಅಪರೂಪ. ಒಟ್ಟು ನೂರು ಅಂಕಗಳಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮಗು ಏನನ್ನಾದರೂ ಮಾಡಿ ನೋಡಿದೆಯೇ ಎಂಬುದಕ್ಕೆ ಜಾಗವಿರುವುದು ಆ 20ರಲ್ಲಿ ಮಾತ್ರ. ಅದು ಶಾಲೆಯೊಳಗೇ ತೀರ್ಮಾನವಾಗುವ ಅಂಕ. ಪಕ್ಕದ ಶಾಲೆಯವರು ಧಾರಾಳವಾಗಿ ಕೊಡುವಾಗ ನಮ್ಮ ಮಕ್ಕಳಿಗೇಕೆ ಅನ್ಯಾಯ ಎಂದು ಮೇಷ್ಟರ ಕೈ ಸಡಿಲವಾದರೆ ತಪ್ಪು ಹೇಳುವುದು ಕಷ್ಟ.

ಪ್ರಯೋಗ ನಡೆಯದಿರುವುದಕ್ಕೆ ಸಾಮಾನ್ಯವಾಗಿ ಲ್ಯಾಬ್ ಇಲ್ಲ, ಸಲಕರಣೆ ಇಲ್ಲ ಎಂಬ ಕಾರಣ ಕೊಡುತ್ತೇವೆ. ದಕ್ಷಿಣ ಬೆಂಗಳೂರಿಗೆ ಈ ಮಾತು ಒಪ್ಪುವುದಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಹುಟ್ಟುಹಾಕಿದ ಸೈನ್ಸ್ ಫೋರಂ ವಿಜ್ಞಾನಿಗಳನ್ನು ಜನಸಾಮಾನ್ಯರ ಮುಂದೆ ತಂದು ನಿಲ್ಲಿಸಿತು. 'ಬಾಲವಿಜ್ಞಾನ' ಮಾಸಪತ್ರಿಕೆ ತರುವ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇರುವುದು ಬನಶಂಕರಿ ಎರಡನೇ ಹಂತದಲ್ಲಿ. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳು ಅದರ ಮೇಲೆ ಹತ್ತಿ ಗೋಪುರದ ಬಳಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಬಿಟಿಎಂ ಲೇಔಟಿಗೆ ಅಂಟಿಕೊಂಡು ಮಡಿವಾಳ ಕೆರೆ, ಜೆ.ಪಿ. ನಗರದಲ್ಲಿ ಪುಟ್ಟೇನಹಳ್ಳಿ ಕೆರೆ. ಆಗಸ್ಟ್ 18ರ ಸುಮಾರಿಗೆ ಮಧ್ಯಾಹ್ನ ಹನ್ನೆರಡೂ ಇಪ್ಪತ್ತನಾಲ್ಕರ ಹೊತ್ತಿಗೆ ಸೂರ್ಯ ಈ ಊರಿನ ನೆತ್ತಿಯ ಮೇಲೇ ಬಂದು ನೆಟ್ಟಗೆ ನಿಂತ ಕೋಲಿನ ನೆರಳು ಮಾಯವಾಗುತ್ತದೆ. ಏಪ್ರಿಲ್ 24ಕ್ಕೂ ಇದೇ ಆಗುತ್ತದೆ, ಆದರೆ ಆಗ ಬೇಸಿಗೆ ರಜೆ. ಆಗಸ್ಟಿನಲ್ಲಿ ಶಾಲೆ ಇರುತ್ತದೆ, ಮೋಡವೂ ಇರುತ್ತದೆ, ನಿಜ. ಮೋಡ ಸರಿದ ವರ್ಷವಾದರೂ ಎಷ್ಟು ತರಗತಿಗಳು ಅಂಗಳಕ್ಕೆ ಇಳಿಯುತ್ತವೆ? ಇಳಿದರೆ ಅಂಕವಿಲ್ಲ. ಕೊರತೆ ಇರುವುದು ಅಲ್ಲಿ.

ಆದ್ದರಿಂದ ಬದಲಾಗಬೇಕಾದದ್ದು ಮೊದಲು ಪ್ರಶ್ನೆಪತ್ರಿಕೆ. ಆ 80 ಅಂಕಗಳಲ್ಲಿ ನಾಲ್ಕನೇ ಒಂದು ಭಾಗವಾದರೂ, ಪ್ರಯೋಗ ಮಾಡಿದವರಿಗಷ್ಟೇ ಸಲೀಸಾಗಿ ಹೊಳೆಯುವ ಪ್ರಶ್ನೆಗಳಿಗೆ ಮೀಸಲಾಗಲಿ. ಒಂದು ಉದಾಹರಣೆ ನೋಡಿ. ಆರತಿಗೆ ಓಕುಳಿ ಕಲೆಸುವಾಗ ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕೆಂಪಾಗುವುದು ಎಲ್ಲ ಮನೆಗಳಿಗೂ ಗೊತ್ತು. ಹತ್ತನೇ ತರಗತಿಯ ಪುಸ್ತಕವೂ ಬಿಳಿ ಬಟ್ಟೆಯ ಮೇಲಿನ ಸಾರಿನ ಕಲೆ ಸೋಪು ತಾಗಿದಾಗ ಕೆಂಪಗಾಗುವುದನ್ನು ಹೇಳಿ ಅರಿಶಿನವನ್ನು ಸೂಚಕ ಎಂದು ಕರೆಯುತ್ತದೆ. 'ನೈಸರ್ಗಿಕ ಸೂಚಕಕ್ಕೆ ಒಂದು ಉದಾಹರಣೆ ಕೊಡಿ' ಎಂದರೆ ಒಂದು ಅಂಕ, ಬಾಯಿಪಾಠ. ಅದನ್ನೇ ಹೀಗೆ ಕೇಳಬಹುದು: ಇಬ್ಬರು ಗೆಳತಿಯರು ಅರಿಶಿನ ಬಳಿದ ಕಾಗದದ ಮೇಲೆ ತಮ್ಮ ಮನೆಯ ಸಾಬೂನಿನ ನೀರು ಹಾಕಿದರು, ಒಬ್ಬಳ ಕಾಗದ ಕೆಂಪಾಯಿತು, ಇನ್ನೊಬ್ಬಳದು ಆಗಲಿಲ್ಲ, ಏನೇನು ಕಾರಣ ಇರಬಹುದು, ಯಾವುದು ನಿಜವೆಂದು ಹೇಗೆ ಪತ್ತೆಹಚ್ಚುತ್ತೀರಿ? ಈಗ ಮಾರುಕಟ್ಟೆಯಲ್ಲಿರುವ ಕೆಲವು ಬಾಡಿವಾಶ್‌ಗಳು ಪ್ರತ್ಯಾಮ್ಲೀಯವಲ್ಲ, ಅರಿಶಿನವನ್ನು ಕೆಂಪು ಮಾಡುವುದಿಲ್ಲ. ನೀರು ಹೆಚ್ಚಾಗಿಯೂ ಹಾಗಾಗಬಹುದು. ಒಮ್ಮೆ ಕೈಯಾಡಿಸಿದ ಮಗುವಿಗೆ ಇವೆರಡೂ ಹೊಳೆಯುತ್ತವೆ. ಗೈಡು ಓದಿದವರಿಗೆ ಹೊಳೆಯುವುದು ಕಷ್ಟ. ಖರ್ಚು ಎರಡು ಚಮಚ ಅರಿಶಿನದ್ದು.

ಇದು ಕೇವಲ ಆದರ್ಶದ ಮಾತು ಎನ್ನುವವರು ಮಧ್ಯಪ್ರದೇಶದ ಹೋಶಂಗಾಬಾದಿನ ಕಡೆ ನೋಡಬೇಕು. 1972ರಲ್ಲಿ ಅಲ್ಲಿನ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಕಲಿಕೆಯ ಕಾರ್ಯಕ್ರಮ 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. ಅಗ್ಗದ ಕಿಟ್ಟು, ಗುಂಪಿನಲ್ಲಿ ಪ್ರಯೋಗ, ಮಕ್ಕಳು ತಾವೇ ತೀರ್ಮಾನ ಬರೆಯುವ ಪುಸ್ತಕ ಎಲ್ಲವೂ ಇದ್ದವು. ಆದರೆ ಅದರ ಬೆನ್ನೆಲುಬು ಪರೀಕ್ಷೆ: ಎಂಟನೇ ತರಗತಿಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಉತ್ತರ ಬರೆಯುವ ಪತ್ರಿಕೆ, ಜೊತೆಗೆ ಪ್ರಾಯೋಗಿಕ ಪರೀಕ್ಷೆ. ಹಳ್ಳಿಯ ಸರ್ಕಾರಿ ಶಾಲೆಗಳಲ್ಲಿ ಇದು ಮೂವತ್ತು ವರ್ಷ ನಡೆಯಿತು. 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಅದು ನಿಂತದ್ದನ್ನೇ ಸೋಲಿನ ಸಾಕ್ಷಿ ಎನ್ನುವವರಿದ್ದಾರೆ. ಸರ್ಕಾರದ ಒಂದು ಆದೇಶದಿಂದ ನಿಂತದ್ದು ಬೇರೆ, ತರಗತಿಯಲ್ಲಿ ಸೋತದ್ದು ಬೇರೆ.

ಪೋರ್ಷನ್ ಮುಗಿಯುವುದಿಲ್ಲ ಎಂಬ ಶಿಕ್ಷಕರ ದೂರು ನ್ಯಾಯವಾದದ್ದೇ. ಎಲ್ಲ ಚಟುವಟಿಕೆಗಳನ್ನೂ ಮಾಡಿಸಬೇಕಿಲ್ಲ. ವರ್ಷಕ್ಕೆ ಹತ್ತು ಹನ್ನೆರಡನ್ನು ಮಂಡಳಿಯೇ ಆರಿಸಿ, ಅದಕ್ಕೆ ತಕ್ಕಷ್ಟು ಪಾಠವನ್ನು ಇಳಿಸಬೇಕು. ಪಾಠ ಇಳಿಸದೆ ಪ್ರಯೋಗ ಹೇರಿದರೆ ಅದು ಮೇಷ್ಟರ ತಲೆಯ ಮೇಲೆ ಇನ್ನೊಂದು ಮೂಟೆ, ಅಷ್ಟೆ. ಆಮ್ಲ ಚೆಲ್ಲೀತು ಎಂಬ ಭಯಕ್ಕೆ ನಿಂಬೆರಸ, ವಿನೆಗರ್ ಸಾಕು. ಎಂಟನೇ ತರಗತಿಯಿಂದಲೇ ನೀಟ್, ಜೆಇಇ ಫೌಂಡೇಶನ್ ಕೋರ್ಸಿಗೆ ಹಣ ಕಟ್ಟಿದ ತಂದೆತಾಯಿಗಳಿಗೆ ಇದೆಲ್ಲ ಕಾಲಹರಣವೆನ್ನಿಸಬಹುದು. ಪರಿಚಯವಿಲ್ಲದ ಸನ್ನಿವೇಶ ಕೊಟ್ಟು ಯೋಚಿಸಲು ಹೇಳುವ ಪ್ರಶ್ನೆಗಳು ಆ ಪರೀಕ್ಷೆಗಳಲ್ಲೂ ಇರುತ್ತವೆ ಎಂಬುದನ್ನು ಅವರಿಗೆ ನೆನಪಿಸಿದರೆ ಸಾಕು.

ನಿಜವಾಗಿ ತೂಕವಿರುವ ಆಕ್ಷೇಪ ಬೇರೆಯೇ ಇದೆ. ಪಿಯುಸಿಯಲ್ಲಿ ಪ್ರಾಯೋಗಿಕಕ್ಕೆ 30 ಅಂಕ ಇಟ್ಟಿದ್ದೇವಲ್ಲ, ಅಲ್ಲೇನಾಯಿತು? ಹಿಂದಿನ ಬ್ಯಾಚಿನವರ ರೆಕಾರ್ಡನ್ನು ನಕಲು ಮಾಡುವುದು, ಬರಬೇಕಾದ ಉತ್ತರವನ್ನು ಮೊದಲೇ ನೋಡಿಕೊಂಡು ರೀಡಿಂಗ್ ಹೊಂದಿಸುವುದು ಅಲ್ಲಿ ಯಾರಿಗೂ ಹೊಸದಲ್ಲ. ಎಸ್ಸೆಸ್ಸೆಲ್ಸಿಗೂ ಪ್ರಾಯೋಗಿಕ ಪರೀಕ್ಷೆ ತಂದರೆ ಆ ರೋಗ ಎರಡು ವರ್ಷ ಮೊದಲೇ ಅಂಟುತ್ತದೆ, ಹಾಗಾಗಿ ನಾನು ಅದನ್ನು ಕೇಳುತ್ತಿಲ್ಲ. ರೆಕಾರ್ಡು ಬೇಡ, ಹೊರಗಿನ ಪರೀಕ್ಷಕರೂ ಬೇಡ. ರಾಜ್ಯವಿಡೀ ಒಂದೇ ದಿನ ಬರೆಯುವ, ಶಾಲೆಯ ಕೈಗೆ ಸಿಗದ ಪತ್ರಿಕೆಯಲ್ಲೇ ಪ್ರಶ್ನೆ ಇರಲಿ, ಪ್ರತಿ ವರ್ಷ ಬೇರೆಯದಿರಲಿ. ಅದಕ್ಕೂ ಗೈಡುಗಳು ಬರುತ್ತವೆ. ಆದರೆ ತಪ್ಪಿಹೋದ ಪ್ರಯೋಗವನ್ನು ಸರಿಪಡಿಸಿ ಎನ್ನುವ ಪ್ರಶ್ನೆಗೆ ಗೈಡು ಬರೆಯುವವನೂ ಒಮ್ಮೆ ಪ್ರಯೋಗ ಮಾಡಿ ನೋಡಬೇಕಾಗುತ್ತದೆ. ಪರೀಕ್ಷಾ ಮಂಡಳಿಗೆ ಇದನ್ನು ಶುರುಮಾಡಲು ಕಟ್ಟಡವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಮುಂದಿನ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಇಂಥ ನಾಲ್ಕು ಪ್ರಶ್ನೆ ಹಾಕಿದರೆ ಟ್ಯೂಷನ್ ಕ್ಲಾಸುಗಳೇ ಅರಿಶಿನ, ಸಾಬೂನು ತರಿಸುತ್ತವೆ.