ಸಂದರ್ಶನದ ಉತ್ತರ ನಮ್ಮೂರಲ್ಲೇ ಇದೆ

ಜಿಎನ್‌ಎಂ ಮುಗಿಸಲು 3 ವರ್ಷ, ಬಿಎಸ್ಸಿ ನರ್ಸಿಂಗ್‌ಗೆ 4 ವರ್ಷ. ಫೀಸು, ಹಾಸ್ಟೆಲ್ಲು ಅಂತ ಮನೆಯವರು ಮಾಡಿದ ಸಾಲ ಬೇರೆ. ಇಷ್ಟೆಲ್ಲ ಆದಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳು ತುಮಕೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿ ಖಾಸಗಿ ಆಸ್ಪತ್ರೆಯ ಸಂದರ್ಶನಕ್ಕೆ ಹೋಗುತ್ತಾರೆ. ಬಿಪಿ, ಇಂಜೆಕ್ಷನ್, ಡ್ರಿಪ್ ಬಗ್ಗೆ ಕೇಳಿದರೆ ಪಟಪಟನೆ ಹೇಳುತ್ತಾರೆ. ಆಮೇಲೆ ಬರುತ್ತದೆ ನೋಡಿ ಆ ಪ್ರಶ್ನೆ: "ರೋಗಿಯ ಕಡೆಯವರು ನಿಮ್ಮ ಮೇಲೆ ರೇಗಾಡಿದ ಒಂದು ಸಂದರ್ಭ ಹೇಳಿ. ಆಗ ನೀವೇನು ಮಾಡಿದಿರಿ?"

ಅಲ್ಲಿಗೆ ಬಾಯಿ ಕಟ್ಟುತ್ತದೆ. "ನನಗೆ ತಾಳ್ಮೆ ಇದೆ ಸರ್, ಕಷ್ಟಪಟ್ಟು ಕೆಲಸ ಮಾಡ್ತೀನಿ ಸರ್" ಅನ್ನುವ ಬಾಯಿಪಾಠ ಶುರುವಾಗುತ್ತದೆ. ಅವರು ಕೇಳಿದ್ದು ಗುಣವನ್ನಲ್ಲ, ನಡೆದ ಘಟನೆಯನ್ನು. ಹಿಂದೆ ಹೇಗೆ ನಡೆದುಕೊಂಡಿರೋ ಮುಂದೆಯೂ ಹಾಗೇ ನಡೆದುಕೊಳ್ಳುತ್ತೀರಿ ಅನ್ನುವುದು ಈ ಪ್ರಶ್ನೆಯ ಹಿಂದಿರುವ ಲೆಕ್ಕ.

ನಮ್ಮ ಮಕ್ಕಳ ಹತ್ತಿರ ಇಂಥ ಘಟನೆಗಳಿಗೆ ಬರವಿಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಪಾವಗಡದ ಸುತ್ತ ಬಹುಪಾಲು ಆಂಧ್ರವೇ ಇದೆ. ಅಲ್ಲಿನ ಮಕ್ಕಳಿಗೆ ಕನ್ನಡ, ತೆಲುಗು ಎರಡೂ ಬರುತ್ತದೆ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದವರನ್ನು, ಮಂಡಿ ಹಿಡಿದು ಕೂತವರನ್ನು ಕಂಡೇ ಬೆಳೆದವರು ಅವರು. ಟಿಬಿ ಮಾತ್ರೆ 6 ತಿಂಗಳು ನುಂಗಬೇಕಿದ್ದರೂ ಎರಡೇ ತಿಂಗಳಿಗೆ "ನಂಗೆ ವಾಸಿಯಾಯ್ತು" ಅಂತ ಬಿಟ್ಟ ಮಾವನನ್ನು ಒಪ್ಪಿಸಿದವರು ಎಷ್ಟು ಮಂದಿ ಇಲ್ಲ? ಇದೇ ಅನುಭವ. ಇದನ್ನು ಹೇಳಲು ನಾಚಿಕೆ ಯಾಕೆ?

ಹೇಳುವ ಕ್ರಮ ಸುಲಭ. ಏನು ನಡೆಯಿತು, ನಿಮ್ಮ ಪಾಲಿನ ಕೆಲಸ ಯಾವುದು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಟಾರ್' ಪದ್ಧತಿ ಅನ್ನುತ್ತಾರೆ. ಎರಡು ನಿಮಿಷ ಸಾಕು. ಉದಾಹರಣೆಗೆ ಹೀಗೆ:

"ವಾರ್ಡಿಗೆ ಪೋಸ್ಟಿಂಗ್ ಹಾಕಿದ್ದಾಗ ಒಬ್ಬ ಅಜ್ಜಿ ರಕ್ತ ಪರೀಕ್ಷೆಗೆ ಒಪ್ಪಲಿಲ್ಲ. ಅವರಿಗೆ ತೆಲುಗು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಮಗ ಕೂಗಾಡುತ್ತಿದ್ದರು. ಸಿಸ್ಟರ್‌ಗೆ ತಿಳಿಸಿ, ಅಜ್ಜಿಯ ಪಕ್ಕ ಕೂತು, ಎಷ್ಟು ರಕ್ತ ತೆಗೀತಾರೆ, ಯಾಕೆ ಅಂತ ತೆಲುಗಿನಲ್ಲೇ ಹೇಳಿದೆ. ಅಜ್ಜಿ ಒಪ್ಪಿದರು, ಮಗನೂ ಸುಮ್ಮನಾದರು."

ಇದನ್ನೇ ಉರು ಹೊಡೆಯಬೇಡಿ. ನಿಮ್ಮದೇ ನಾಲ್ಕು ಘಟನೆ ಬರೆದಿಟ್ಟುಕೊಂಡು ಮನೆಯವರ ಮುಂದೆ ಹೇಳಿ ನೋಡಿ. ಸುಳ್ಳು ಕಟ್ಟಿದರೆ "ಆಮೇಲೆ?" ಎಂಬ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಮೂರು ಎಚ್ಚರಿಕೆ. ಒಂದು, ರೋಗಿಯ ಹೆಸರು, ಊರು ಹೇಳಬಾರದು. ಗುಟ್ಟು ಕಾಯುವವರೇ ಎಂದು ಅಲ್ಲೇ ತೂಗುತ್ತಾರೆ. ಎರಡು, "ಡಾಕ್ಟರ್ ಇರಲಿಲ್ಲ, ನಾನೇ ಔಷಧಿ ಕೊಟ್ಟೆ" ಅನ್ನುವುದು ಶೌರ್ಯವಲ್ಲ, ಅಪಾಯ. ಯಾರನ್ನು ಕರೆದಿರಿ ಅನ್ನುವುದೇ ಮುಖ್ಯ. ಮೂರು, ತಪ್ಪಿನ ಬಗ್ಗೆ ಕೇಳಿದಾಗ "ಮಾಡೇ ಇಲ್ಲ" ಅಂದರೆ ಯಾರೂ ನಂಬುವುದಿಲ್ಲ. ತಪ್ಪನ್ನು ಮುಚ್ಚಿಡದೆ ಯಾರಿಗೆ ತಿಳಿಸಿದಿರಿ, ಆಮೇಲೆ ಏನು ತಿದ್ದಿಕೊಂಡಿರಿ ಎಂಬುದನ್ನು ಹೇಳಿ.

ಎಲ್ಲ ಭಾರವನ್ನೂ ಮಕ್ಕಳ ಮೇಲೇ ಹಾಕುವುದು ನ್ಯಾಯವಲ್ಲ. ವಾರ್ಡಿನಲ್ಲಿ ನರಳುವವರು ಕನ್ನಡದಲ್ಲೇ ನರಳುವಾಗ, ಅವರನ್ನು ಸಮಾಧಾನ ಮಾಡಿದ್ದನ್ನು ಇಂಗ್ಲಿಷಿನಲ್ಲೇ ಹೇಳಬೇಕೆಂಬ ಹಟ ಯಾಕೆ? ಔಷಧಿ ಚೀಟಿ, ಕೇಸ್ ಶೀಟ್ ಓದುವಷ್ಟು ಇಂಗ್ಲಿಷ್ ಬೇಕು, ನಿಜ. ಅದನ್ನು ಬೇರೆಯಾಗಿ ಪರೀಕ್ಷಿಸಲಿ. ಈ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲಿ. ನರ್ಸಿಂಗ್ ಕಾಲೇಜುಗಳೂ ಕೊನೆಯ ವರ್ಷ ವಾರಕ್ಕೊಂದು ಗಂಟೆ ಇದರ ಅಭ್ಯಾಸ ಮಾಡಿಸಲಿ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನರ್ಸಿಂಗ್ ಓದುವವರಿದ್ದರೆ ಇವತ್ತು ಸಂಜೆ ಕೂರಿಸಿಕೊಂಡು ಕೇಳಿ: "ಯಾರಿಗಾದ್ರೂ ಸಹಾಯ ಮಾಡಿದ್ದು ಹೇಳವ್ವಾ, ಕೇಳೋಣ."